ಎಣ್ಣಿ ಲೆಕ್ಕ

ಸೋಮವಾರ ತುಂಬಿದ ಎಣ್ಣಿ ಶನಿವಾರಕ್ಕ ಕಡ್ಡಿಗೆ ಹತ್ತಲಿಲ್ಲ.
ಒರಸಿ ಮತ್ತೊಮ್ಮೆ ಇಳಿಬಿಟ್ಟೆ,
ಹಳೇ ಸೀರಿ ಚಿಂದಿ ಮ್ಯಾಲ ಬರೇ ಒಂದು ಕರಿ ಚುಕ್ಕಿ.
ಆರುನೂರು ಕಿಲೋಮೀಟರಿಗೆ ಒಂದು ಲೀಟರ್!
ಇಷ್ಟು ಎಣ್ಣಿ ನಮ್ಮ ಮನಿಯಾಗ ಬದನೀಕಾಯಿನೂ ಕುಡಿಯೂದಿಲ್ಲ.

ಎರಡು ಲಕ್ಷ ಓಡೇತಿ, ವಯಸ್ಸಾತು, ಮಾರಿಬಿಡ್ರಿ ಅಂದ್ರು
ಜುವಾರಿನಗರದ ಮಂದಿ.
ವಯಸ್ಸು ದಿನಾ ಒಂದೊಂದ ಹನಿ ಕುಡೀತೈತಿ ಬಾಯಿ,
ಹಿಂಗ ಒಮ್ಮಿಂದೊಮ್ಮೆ ಬಾಟ್ಲಿ ಎತ್ತೂದಿಲ್ಲ,
ಅಂದ ವಾಸ್ಕೋದ ಕಾಯ್ತಾನ್ ಮೇಸ್ತ್ರಿ.
ಬಾನೆಟ್ ಇನ್ನೂ ಎತ್ತಿರಲಿಲ್ಲ.

ಮೊದಲ ರಾತ್ರಿ ಗಾಡಿ ಕೆಳಗ ರಟ್ಟು ಹಾಸಿದ.
ಮುಂಜಾನೆ ರಟ್ಟಿನ ಮ್ಯಾಲ
ಬೆಕ್ಕಿನ ನಾಕು ಹೆಜ್ಜಿ, ಅಷ್ಟ.
“ಸೋರಿಲ್ಲ. ಅಂದ್ರ ಸುಟ್ಟೈತಿ.”
ರೇಡಿಯೇಟರಿನ ಮುಚ್ಚಳ ತೆಗೆದ. ನೀರು ನೀರಾಗೇ ಇತ್ತು,
ಮಜ್ಜಿಗಿ ಆಗಿರಲಿಲ್ಲ.
ತಣ್ಣಗಿದ್ದಾಗ ಚಾಲೂ ಮಾಡಿಸಿದ. ಹೊಗಿ ಇಲ್ಲ.
“ವಾಲ್ವಿನ ಸೀಲು ಹೋಗಿದ್ರ ಎದ್ದ ಕೂಡಲೆ ಕೆಮ್ಮತಿತ್ತು.”
ಕಂಪ್ರೆಷನ್ ಅಳೆದ. ಮೂರನೇ ಸಿಲಿಂಡರ್ ತುಸು ಸೋತಿತ್ತು,
ಅದನ್ನ ಬೀಡಿ ಕಟ್ಟಿನ ಮ್ಯಾಲ ಬರಕೊಂಡು ಸುಮ್ಮನಾದ.

ಆಮ್ಯಾಲ ನನ್ನನ್ನ ಸ್ಟೀರಿಂಗಿಗೆ ಕೂಡಿಸಿ
ಚಿಕಲಿಂ ಏರಿಗೆ ಹೊಂಡಿಸಿದ.
“ಈಗ ತುಳೀರಿ.”
ತುಳಿದೆ.
ಕನ್ನಡಿ ತುಂಬ ನೀಲಿ.
ಹಿಂದಿನ ಸ್ಕೂಟರಿನವ ಮಾರಿಗೆ ಕರ್ಚೀಪು ಒತ್ತಿಕೊಂಡ.
“ಟರ್ಬೋ” ಅಂದ ಕಾಯ್ತಾನ್, ಮೆಲ್ಲಕ,
ಸತ್ತವರ ಹೆಸರು ಹೇಳಿದಂಗ.

ಪೈಪು ಬಿಚ್ಚಿ ಬೆರಳು ಹಾಕಿದ,
ಎಣ್ಣಿ ನೀರು ಹಾಕಿಸಿಕೊಂಡ ಕೂಸಿನಂಗ ಬಂತು ಬೆರಳು.
ಒಳಗ ಒಂದು ಸಣ್ಣ ದಂಡ.
ನಿಮಿಷಕ್ಕ ಲಕ್ಷ ಸುತ್ತು ತಿರಗತೈತಂತ,
ಹಿಡಿದು ಅಲುಗಿಸಿದರ ಹಾಲುಹಲ್ಲು.
ಎಣ್ಣಿ ವಾಪಸು ಇಳಿಯೋ ಕೊಳವಿ ಕುಟ್ಟಿದ,
ಅಂಗೈ ಮ್ಯಾಲ ಕರಕು ಉದುರಿತು.

“ಏರು ಹತ್ತಿ ಬಂದು ತಟ್ಟನ ಕೀಲಿ ತಿರುವ್ತೀರೇನು?”

ಈ ಕರಕು ನನಗ ಗೊತ್ತು.
ಇಪ್ಪತ್ತೆರಡು ವರ್ಷ ರೊಟ್ಟಿ ಬಡದೀನಿ,
ಮಡಗಾಂವದ ತನಕ ಖಾನಾವಳಿಗೆ ಹಾಕೀನಿ.
ಕಡೀ ರೊಟ್ಟಿ ಗ್ಯಾಸ್ ಆರಿಸೇ ಬೇಯಿಸಾಕಿ ನಾನು.
ಉರಿ ಆರಿದ ಮ್ಯಾಲೂ ಹಂಚು ಸುಡತೈತಿ
ಅನ್ನೂದು ನನಗ ಯಾರು ಹೇಳಬೇಕಿತ್ತು?

ಹೇಳಿದ್ದ.
ಮಕ್ತುಂಸಾಬ, ನನ್ನ ಡ್ರೈವರ್.
ಬಂದು ಗೇಟಿನಾಗ ನಿಂತು, ಎಂಜಿನ್ ಗುರುಗುಟ್ಟಿಸ್ತಾ
ಒಂದು ನಿಮಿಷ ಕಣ್ಣು ಮುಚ್ಚಿ ಕೂಡತಿದ್ದ, ದಿನಾ.
“ಡೀಸೆಲ್ ನಿಮ್ಮಪ್ಪನ ಹೊಲದಾಗ ಬೆಳೀತೈತೇನೋ?”
“ಅಕ್ಕಾ, ಅದಕ್ಕ ದಮ್ಮು ಹತ್ತಿರತೈತಿ.”
ದಮ್ಮಿನ ಲೆಕ್ಕ ತಿಂಗಳಿಗೆ ಮುನ್ನೂರು,
ಪಗಾರದಾಗ ಹಿಡಿದೆ.
ಒಂಬತ್ತು ತಿಂಗಳು ತಾಳಿದ.
ಕೀಲಿ ಮೊಳಿಗೆ ಹಾಕಿ ಹೋದ,
ಬೈಯಲಿಲ್ಲ, ಅದೇ ಸಿಟ್ಟು ಬಂತು ನನಗ.
ಮರುದಿನದಿಂದ ನಾನೇ ಓಡಿಸಿದೆ.

“ಇದೊಂದರಿಂದ ಆತು ಅಂತ ಆಣಿ ಮಾಡೂದಿಲ್ಲ” ಅಂದ ಕಾಯ್ತಾನ್.
“ಎಣ್ಣಿ ತಡ ಬದಲಿಸೀರಿ. ಗಾಡಿ ಹಳೇದು. ಆ ಮೂರನೇದು…”
ಒಳ್ಳೆಯವ. ನನಗ ಜಾಗಾ ಬಿಟ್ಟುಕೊಟ್ಟ.
ಹಿಡಿದದ್ದು ಎರಡು ಸಾವಿರದ ಏಳುನೂರು,
ಬಿಲ್ಲು ಇಪ್ಪತ್ತೆರಡು ಸಾವಿರ.

ಈಗ ಸಂಜೀಕ ಗೇಟಿನಾಗ ನಿಂತು ಎಣಸ್ತೀನಿ.
ಹಿಂದಿನ ಬುಟ್ಟಿಯಾಗ ಉಳಿದ ರೊಟ್ಟಿ ಚೂರು
ಎಂಜಿನ್ ನಡುಕಕ್ಕ ಸಣ್ಣಗ ಸಪ್ಪಳ ಮಾಡತಾವ.
ಮಾಳಿಗಿಂದ ಸೊಸಿ ಬಗ್ಗಿ ನೋಡತಾಳ,
“ಅತ್ತೀ, ಡೀಸೆಲ್ ಸುಮ್ಮನ ಸುಡಾಕತ್ತೀರಲ್ಲ!”
ನಲವತ್ತೊಂದು. ನಲವತ್ತೆರಡು.
ಅಂವನ ನಂಬರು ಇನ್ನೂ ಫೋನಿನಾಗ ಐತಿ.
ನಲವತ್ತಮೂರು.