ವಾಲ್ವ್

ಬೆಟಗೇರಿಯೊಳಗ, ಬೈಂಡಿಂಗ್ ಅಂಗಡಿ ಮ್ಯಾಲಿನ ಖೋಲಿಯಾಗ
ನಮ್ಮ ಸರ್ವರು. ಹಳೇ ಕಂಪ್ಯೂಟರು, ಮಗ್ಗಲ ತಗಡು ಬಿಚ್ಚಿದ್ದು.
ಬ್ಯಾಸಗ್ಯಾಗ ಟೇಬಲ್ ಫ್ಯಾನು ಅದಕ್ಕ ಹಚ್ಚತೇನಿ,
ನಾ ರಟ್ಟಿನಿಂದ ಗಾಳಿ ಹಾಕ್ಕೊಂತ ಕೂಡತೇನಿ.

ನಲವತ್ತೊಂದು ಮಂದಿ. ದೊಡ್ಡ ಕಂಪನಿ ಬಿಟ್ಟು ಬಂದವರು.
ಮಗ್ಗದ ಕಳಕಪ್ಪ ಬರೀತಿದ್ದ: 'ನಳ ಬಂತು. ಹನ್ನೊಂದನೇ ದಿನಕ್ಕ.'
ಹುಸೇನಬಿ ನೂಲಿನ ಬಣ್ಣಕ್ಕ ಹೆಸರಿಡತಿದ್ದಳು:
ಆರಿದ ಚಹಾ. ಮಳಿ ಬೀಳೂಕಿಂತ ಮೊದಲಿನ ಎರಿ.
ಮಾವನ ಸಿಟ್ಟು.
ಬರದ ವೇಳ್ಯಾದ ಪ್ರಕಾರ ಸಾಲು, ನಳದ ಮುಂದ ಕೊಡ ಇಟ್ಟಂಗ.
ಇದಕ್ಕ ಒಡೆಯ ಯಾರು ಅಂತ ಕೇಳಿದ್ರ
ಯಾರೂ ಇಲ್ಲ ಅಂತಿದ್ದೆ, ಹೆಮ್ಮಿಲೆ.
ಕರೆಂಟ್ ಬಿಲ್ಲು ಮಾತ್ರ ನಂದು.

ಆಮ್ಯಾಲ ಆ್ಯಪಿನವರು ಒಂದು ಗುಂಡಿ ಕೊಟ್ರು,
ಕೆಂಡದ ಬಣ್ಣದ್ದು: ಟ್ರೆಂಡಿಂಗ್.
ಬ್ಯಾಡಾದವರು ಮುಚ್ಚಬಹುದು ಅಂತ ತಳದಾಗ ಸಣ್ಣಕ್ಷರ.
ಯಾರೂ ಮುಚ್ಚಲಿಲ್ಲ. ನಾನೂ.

ಲೋಕದ ತುಂಬ ಸಾವಿರ ಸರ್ವರು, ಸಾವಿರ ಖೋಲಿ, ಸಾವಿರ ಫ್ಯಾನು,
ಎಲ್ಲಾ ಕಡೆ ಅವತ್ತಿಗೆ ಒಂದ ಸಾರು:
ಯಾರೋ ವಿಮಾನದಾಗ ಯಾರಿಗೋ ಬೈದದ್ದು.
ಹುಸೇನಬಿಯ ಬಣ್ಣ ಹುಡುಕಬೇಕಂದ್ರ
ಹೆಬ್ಬೆರಳು ನೋಯೂತನಕ ಕೆಳಗ ಇಳೀಬೇಕು.

ಹದಿಮೂರನೇ ದಿನ, ನಳ ಬರಲಿಲ್ಲ,
ಕಳಕಪ್ಪ ವಾಲ್ವ್‌ಮನ್ ದ್ಯಾಮಣ್ಣನ ಫೋಟೋ ಹಾಕಿ ಬೈದ,
ಎರಡು ಸಾಲು, ಎರಡೂ ಕೆಟ್ಟ ಸಾಲು.
ಗುಂಡಿ ಅದನ್ನ ಎತ್ತಿಕೊಂತು.
ಮಧ್ಯಾಹ್ನದೊಳಗ ಹನ್ನೊಂದು ಸಾವಿರ ಮಂದಿ,
ಗದಗ ಎಲ್ಲೈತಿ ಅನ್ನೋದು ಗೊತ್ತಿಲ್ಲದವರು,
ಅವನ ಮಾರಿಗೆ ಉಗುಳಿ ಹೋದರು.

ಸಂಜಿಗೆ ದ್ಯಾಮಣ್ಣ ಮೆಟ್ಟಲ ಹತ್ತಿ ಬಂದ.
ಹೆಗಲ ಮ್ಯಾಲ ಆ ಉದ್ದನ ಕಬ್ಬಿಣದ ಚಾವಿ.
ನಾ ಹೆದರಿ ಎದ್ದು ನಿಂತೆ.
ಅವ ಚಾವಿ ಗ್ವಾಡಿಗೆ ಆನಿಸಿ, ಫ್ಯಾನಿನ ಮುಂದ ಕುಂತು
ಡಬ್ಬಿಯನ್ನ ಬಾಳ ಹೊತ್ತು ನೋಡಿದ.
'ಇದರ ವಾಲ್ವ್ ಎಲ್ಲೈತಿ ತಂಗಿ?'
ಇಲ್ಲಿಲ್ಲ, ಅಂದೆ.
'ಮತ್ತೆಲ್ಲಿ?'
ನನಗೂ ತೋರಿಸಿಲ್ಲ, ಅಂದೆ.

ಮೂಗಿನಾಗ ನಕ್ಕ.
'ನಳ ಎಲ್ಲಾರ ಮನಿಗೂ ಇರತಾವ. ತಿರುವೋ ಕೈ ಒಂದ.
ನಂದು ಓಣ್ಯಾಗ ಕಾಣತೈತಿ, ಅದಕ್ಕ ಬೈಸಿಕೊಂತೈತಿ.'
ನೀರು ಕೊಟ್ಟೆ. ಅರ್ಧ ಕುಡಿದು ತಂಬಿಗಿ ಇಟ್ಟ.

ಫೋಟೋ ನಾ ನಮ್ಮ ಡಬ್ಬಿಯಿಂದ ಅಳಸಿದೆ.
ಉಳಿದ ಸಾವಿರದಾಗ ಅದು ಇನ್ನೂ ಐತಿ.

ಹದಿನೈದಕ್ಕ ನೀರು ಬಂತು. ಕಳಕಪ್ಪ ಬರೀಲಿಲ್ಲ.
ನಸುಕಿನಾಗ ಗೊತ್ತಾತು ನನಗ,
ಕಿಟಕಿಯಿಂದ, ಓಣಿಯ ಖಾಲಿ ಕೊಡಗಳ ತಳಕ್ಕ
ಮೊದಲ ಧಾರಿ ಬಿದ್ದ ಸಪ್ಪಳಕ್ಕ.