ಮಗ್ಗುಲು

ಭಾನುವಾರ ಬೆಳಗ್ಗೆ ಆರಕ್ಕೆ
ಕಬ್ಬನ್‌ಪೇಟೆಯ ಮಗ್ಗಗಳು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ.
ಇಕ್ಕಟ್ಟಿನ ಕಲ್ಲುಮೆಟ್ಟಿಲು ಹತ್ತಿ, ಚಪ್ಪಲಿ ಕೈಲಿ ಹಿಡಿದು
ನಾನು ಬರುತ್ತೇನೆ. ಸರೋಜ ಬಾಗಿಲು ತೆಗೆದು
ಏನೂ ಅನ್ನದೆ ಹಾಲಿಗೆ ಹೊರಡುತ್ತಾಳೆ.
ವಾರದಲ್ಲಿ ಅವಳು ಒಬ್ಬಳೇ ನಡೆಯುವ ಗಂಟೆ ಅದೊಂದು.

ಚೌಡ ಮಲಗಿದ್ದಾನೆ. ಚಿತ್.

ಚಿತ್ – ಆ ಒಂದು ಮಾತಿಗಾಗಿ ನಮ್ಮ ಗರಡಿಯಲ್ಲಿ
ಬಾದಾಮಿ ಅರೆದು ಕುಡಿದೆವು, ಸಾವಿರ ದಂಡ ಹೊಡೆದೆವು,
ಎಳ್ಳೆಣ್ಣೆ ಮಜ್ಜಿಗೆ ಅರಿಶಿನ ಸುರಿದು
ಕೆಮ್ಮಣ್ಣನ್ನು ಹಿಟ್ಟಿನ ಹಾಗೆ ನಾದಿದೆವು.
ಎರಡೂ ಭುಜ ಮಣ್ಣಿಗೆ ತಾಗಿದರೆ ಮುಗಿಯಿತು,
ತಾಗಿಸಿದವನು ಗೆದ್ದ.
ನಾನು ತಾಗಿಸಿದೆ.

ಮೊದಲು ತಾಗಿದ್ದು ಭುಜವಲ್ಲ.

ಡೋಬಿ ಪಟ್ಟು. ಹೆಗಲ ಮೇಲಿಂದ ಬಂಡೆಗೆ ಒಗೆದಂತೆ.
ಸದ್ದು ದೊಡ್ಡದೇನಲ್ಲ,
ಹಸಿ ಕಡಲೆಕಾಯಿ ಹಿಸುಕಿದಷ್ಟು.
ನಾನು ಎದ್ದು ತೊಡೆ ತಟ್ಟಿದೆ;
ಆ ಸದ್ದು ಮಾತ್ರ ಬೀದಿಗೆಲ್ಲ ಕೇಳಿತು.
ಏಳೋ ಅಂದೆ. ಅವನು ನಗುತ್ತಲೇ ಕೇಳಿದ,
"ನಾಗೋಜಿ, ನನ್ನ ಕಾಲು ಎಲ್ಲಿಟ್ಟೆ?"

ವಿಕ್ಟೋರಿಯಾದಲ್ಲಿ ಎಳೆಯ ಡಾಕ್ಟರಮ್ಮ
ಗುಂಡುಸೂಜಿ ಹಿಡಿದು ಪಾದದಿಂದ ಮೇಲಕ್ಕೆ ಚುಚ್ಚುತ್ತಾ ಬಂದಳು.
ಗೊತ್ತಾಗುತ್ತಾ? ಇಲ್ಲ. ಇಲ್ಲಿ? ಇಲ್ಲ. ಇಲ್ಲಿ?
ಕತ್ತಿನ ಬುಡದಲ್ಲಿ, ತಾಯಿತದ ದಾರ ಕೂರುವ ಕಡೆ,
ಅವನು "ಅಮ್ಮಾ" ಅಂದ.
ಅಲ್ಲಿಂದ ಕೆಳಗಿನದೆಲ್ಲ ಅವತ್ತಿಂದ ಬೇರೆಯವರ ಸ್ವತ್ತು.

ಠಾಣೆಯ ರೈಟರ್ ಪೆನ್ನು ಕೊಡವುತ್ತಾ ಕೇಳಿದ –
ಇಬ್ಬರಿಗೂ ಹಳೇ ದ್ವೇಷ ಏನಾದ್ರೂ?
ಸಾರ್, ಒಂದೇ ಲೋಟದಲ್ಲಿ ಅಂಬಲಿ ಕುಡಿದವರು.
ಹಾಗಾದ್ರೆ ಆಟ ಅಂತ ಬರೀಲಾ?
ಬರೀರಿ ಅಂದೆ.
ಎರಡಕ್ಷರದಲ್ಲಿ ಕೇಸು ಮುಗಿಯಿತು.

ಹದಿನಾಲ್ಕು ವರ್ಷ.
ಉಸ್ತಾದ್ ಬಚ್ಚಣ್ಣ ಹೋದರು. ಗರಡಿಯ ಅರ್ಧಕ್ಕೆ ಜಿಮ್ ಬಂತು,
ಗೋಡೆಯಗಲ ಕನ್ನಡಿ ಬಂತು, ಆಂಜನೇಯನ ಪಟಕ್ಕೆ ಸೀರಿಯಲ್ ಸೆಟ್ಟು.
ಹುಡುಗರು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಬ್ಬಿಣ ಎತ್ತುತ್ತಾರೆ.
ನಾನು ಎತ್ತುವುದು ವಾರಕ್ಕೊಂದು ಸಲ, ಐವತ್ತೆರಡು ಕೆಜಿ.
ಅವತ್ತು ತೊಂಬತ್ತೊಂದಿದ್ದ.

ಒಂದು ಕೈ ಬೆನ್ನಡಿ, ಒಂದು ಕೈ ಸೊಂಟದಡಿ,
ಅದೇ ಹಿಡಿತ, ತಿರುಗಾಮುರುಗಾ.
ಚಿತ್ ಬಿದ್ದವನನ್ನು ಮಗ್ಗುಲಿಗೆ ಹೊರಳಿಸಬೇಕು
ಎರಡೆರಡು ಗಂಟೆಗೊಮ್ಮೆ, ಇಲ್ಲದಿದ್ದರೆ ಹಾಸಿಗೆಹುಣ್ಣು.
ಟಿಕ್ಕಿಯ ಮೇಲೊಂದಿದೆ, ಕಾಸಗಲ, ಮೂರು ವರ್ಷದಿಂದ.
ಔಷಧಿ ಹಚ್ಚಿ ಊದುತ್ತೇನೆ.
ಉರಿಯುತ್ತದೆಂದಲ್ಲ, ರೂಢಿ.

ಒಂದು ಮಾತು ಯಾರಿಗೂ ಹೇಳಿರಲಿಲ್ಲ.
ಅವತ್ತು ಮಟ್ಟಿ ಅಗೆಯುವ ಸರದಿ ನನ್ನದು.
ಹಿಂದಿನ ರಾತ್ರಿ ಚಿಕ್ಕಮ್ಮನ ಮಗಳ ಆರತಕ್ಷತೆ, ತಡವಾಗಿ ಎದ್ದೆ.
ಮೇಲೆ ಮೇಲೆ ಕಾಲಲ್ಲಿ ಕೆದರಿ, ನೀರು ಚಿಮುಕಿಸಿ,
ಹದವಾದಂತೆ ಕಾಣಿಸಿದೆ.
ಅಡಿಯ ಮಣ್ಣು ಗಾರೆನೆಲದಂತೆ ಮಲಗಿತ್ತು.

ಹೋದ ವಾರ, ಹೊರಳಿಸುವಾಗ, ಬಾಯಿಗೆ ಬಂದೇಬಿಟ್ಟಿತು.
ಚೌಡ ಕೇಳಿಸಿಕೊಂಡ, ಮುಖ ಗೋಡೆಯ ಕಡೆ.
ಗೋಡೆಯಲ್ಲಿ ಇರುವೆ ಸಾಲು, ಅದು ದಾಟುವವರೆಗೂ ಸುಮ್ಮನಿದ್ದ.
"ಸನಿಕೆ ಒಣಗಿತ್ತು ಕಣೋ," ಅಂದ.
"ಮೂಲೇಲಿ ನಿಂತಿತ್ತು. ನೋಡೇ ಇಳಿದೆ.
ನಿನ್ನ ಬೇಗ ಬೀಳಿಸಿ ತಿಂಡಿಗೆ ಹೋಗೋಣ ಅಂತ."

ಅಷ್ಟರಲ್ಲಿ ಕೆಳಗೆ ಯಾರೋ ಸ್ವಿಚ್ಚು ಒತ್ತಿದರು,
ಮಗ್ಗ ಶುರುವಾಯಿತು, ಮಂಚದ ಕಾಲು ಅದುರಿತು.
ಅವನ ಕಾಲಿಗೆ ತಿಳಿಯದ ಆ ನಡುಕ
ನನ್ನ ಮಂಡಿಗೆ ತಿಳಿಯಿತು.

ಸರೋಜ ಬಂದಳು, ಹಾಲಿನ ಪ್ಯಾಕೆಟ್ಟು,
ಯಾಕೆಂದು ಹೇಳದೆ ಒಂದು ಮೊಳ ಕನಕಾಂಬರ.

"ಈ ಮಗ್ಗುಲು ಸಾಕು," ಅಂದ ಚೌಡ.
"ಕಿಟಕಿ ಕಡೆ ಹಾಕು."