ನಾಲ್ಕು ಟ್ರ್ಯಾಕು ಪುಕ್ಕಟೆ

ಜಾಗವಿಲ್ಲ ಅಂತು ಫೋನು.
ಲುಸಾಕಾದಲ್ಲಿ ಯಾವುದಕ್ಕೆ ತಾನೇ ಜಾಗವಿದೆ?
ಮಿನಿಬಸ್ಸಿನ ಮೂವರ ಸೀಟಿನಲ್ಲಿ ನಾವು ನಾಲ್ವರು,
ನಾಲ್ಕನೆಯವಳ ತೊಡೆಯ ಮೇಲೊಂದು ಕೋಳಿ.
ಅಳಿಸಿದೆ:
ಯಾರದೋ ಮದುವೆಯ ಹದಿನೇಳು ಫೋಟೋ,
ಹದಿನೇಳರಲ್ಲೂ ನನ್ನ ಕಣ್ಣು ಮುಚ್ಚಿತ್ತು;
ಟಾರ್ಚಿನ ಆ್ಯಪು,
ಫೋನಿಗೇ ಟಾರ್ಚಿದೆಯೆಂದು ಮೊನ್ನೆ ತಿಳಿಯಿತು.

ಕಾರಣ ಇಷ್ಟೇ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮೂರು,
ಹಾಡುವ ಗುಂಪು ಒಂದು.
ಸೊಪ್ರಾನೋದವರು ಬೆಳಿಗ್ಗೆ, ಆಲ್ಟೋದವರು ಮಧ್ಯಾಹ್ನ,
ಟೆನರ್ ಬೋನಿಫೇಸ್ ರಾತ್ರಿಯಿಡೀ ಬಾಯ್ಲರಿನ ಮಗ್ಗುಲಲ್ಲಿ,
ಬೇಸ್ ಹಾಡುವ ಮುಬಿತಾ ಗೇಟಿನ ಕಾವಲಿಗೆ.
ಎತ್ತು ಏರಿಗೆ, ಕೋಣ ನೀರಿಗೆ,
ಸ್ಪರ್ಧೆ ಆಗಸ್ಟಿಗೆ, ಅದೂ ದೂರದ ಕಬ್ವೆಯಲ್ಲಿ.
ಒಂದು ಕೋಣೆಯಲ್ಲಿ ಸೇರದ ನಾಲ್ಕು ದನಿಯನ್ನು
ಒಂದು ಫೋನಿನಲ್ಲಿ ಸೇರಿಸು ನಮುಕೋಲೋ,
ಕೇಳಿ ಕೇಳಿ ಕಲಿಯುತ್ತೇವೆ, ಎಂದರು ಎಲ್ಲ.
ಎಂದವರಾರೂ ಡೇಟಾಗೆ ದುಡ್ಡು ಕೊಡಲಿಲ್ಲ.

ಮೊದಲನೆಯದು ಪುಕ್ಕಟೆ ಪುಕ್ಕಟೆ ಎಂದು ಕರೆದು
ಹಾಡಿ ಮುಗಿಸಿ ಉಳಿಸಹೋದಾಗ ಡಾಲರ್ ಕೇಳಿತು.
ನನ್ನ ಸಂಬಳ ಕ್ವಾಚಾದಲ್ಲಿ ಬರುತ್ತದೆ,
ಬಂದ ಚಪ್ಪಲಿ ಬಿಡದೆ ಹೊರಡುತ್ತದೆ.
ಎರಡನೆಯದು ನನ್ನ ಫೋನನ್ನು ಮುದುಕಿ ಎಂದಿತು.
ಮೂರನೆಯದರ ಗುಂಡಿಗಳು ಸಾಸಿವೆ ಕಾಳು;
ಸೋಪು ಸೋಡಾ ತಿಂದು ಒರಟಾದ ಈ ಹೆಬ್ಬೆರಳು
ನಿಲ್ಲಿಸು ಒತ್ತಲು ಹೋಗಿ ಅಳಿಸು ಒತ್ತಿ
ಇಡೀ ಒಂದು ಆಲ್ಟೋ ಗಾಳಿಪಾಲು.
ನಾಲ್ಕನೆಯದಕ್ಕೆ ಟಿಕ್ ಟಿಕ್ ತಾಳದ ರೋಗ,
ವಾಸಿಮಾಡುವ ಬಗೆ
ಮಾರ್ಕೆಟಿನ ರಿಪೇರಿ ಹುಡುಗ ಚಿಸೆಂಗನಿಗೂ ಗೊತ್ತಿಲ್ಲ.

"ನಕ್ಷತ್ರ ಎಣಿಸಬೇಡ ಆಂಟಿ," ಅಂದ ಅವನು,
ಯಾರದೋ ಒಡೆದ ಗಾಜಿಗೆ ಊದುತ್ತ,
"ನಕ್ಷತ್ರ ದುಡ್ಡಿಗೆ ಸಿಗುತ್ತೆ.
ನಿನ್ನ ದನಿ ನಿನಗೆ ಎಷ್ಟು ತಡವಾಗಿ ತಲುಪುತ್ತೆ,
ಅದನ್ನ ನೋಡು."

ಐದನೆಯದು ಬೂದು ಬಣ್ಣ, ಬಾಯಲ್ಲಿ ನಿಲ್ಲದ ಹೆಸರು.
ನಾಲ್ಕು ಟ್ರ್ಯಾಕು ಪುಕ್ಕಟೆ, ಐದಕ್ಕೆ ದುಡ್ಡು.
ತಡವನ್ನು ತಿದ್ದಲು ಬೆರಳಿನಲ್ಲಿ ಎಳೆಯುವ ಒಂದು ಗೆರೆ.
ಅಷ್ಟು ಸಾಕು.

ಆದರೆ ಚಾವಾಮಾದಲ್ಲಿ ಮೌನ ಬಾಡಿಗೆಗೂ ಸಿಗುವುದಿಲ್ಲ.
ಹಿಟ್ಟಿನ ಗಿರಣಿ, ಗಿರಣಿಯ ಎದುರು ಬಾರು,
ಬಾರಿನ ಬಾಯಿ ಮುಚ್ಚಿಸಲು ಪ್ರಾರ್ಥನಾ ಮಂದಿರದ ಸ್ಪೀಕರು.
ಸಂಜೆ ಏಳಕ್ಕೆ ಕರೆಂಟು ಹೋಯಿತು.
ಇಡೀ ಬೀದಿ ಒಂದೇ ಶ್ರುತಿಯಲ್ಲಿ ಶಪಿಸಿತು.
ನಾನು ಎದ್ದು ಬಾಗಿಲು ಹಾಕಿದೆ:
ಸ್ಟುಡಿಯೋ ತೆರೆಯಿತು.
ಬ್ಯಾಟರಿ ಹತ್ತೊಂಬತ್ತು.

ಕಂಬಳಿಯೊಳಗೆ ಸೊಪ್ರಾನೋ ನಾನೇ.
ಅವಳನ್ನು ಕಿವಿಯಲ್ಲಿಟ್ಟುಕೊಂಡು ಆಲ್ಟೋ ನಾನೇ.
ಟೆನರ್ ನನಗೆ ನೆಗಡಿಯಿದ್ದರಷ್ಟೇ ಬರುತ್ತದೆ,
ಪುಣ್ಯಕ್ಕೆ ನೆಗಡಿಯಿತ್ತು.
ಬೇಸಿಗೆ ಮುಬಿತಾ,
ಡ್ಯೂಟಿಗೆ ಹೋಗುವವನು ಟೋಪಿ ತೆಗೆದು
ಕಿಟಕಿಯ ಸರಳಿಗೆ ಬಾಯಿಟ್ಟು ಹಾಡಿದ.
ಎರಡನೆಯ ಚರಣದಲ್ಲಿ ನಾಯಿಯೊಂದು ಸೇರಿಕೊಂಡಿತು.
ಐದನೆಯ ಟ್ರ್ಯಾಕಿಗೆ ದುಡ್ಡಿಲ್ಲ,
ಇರಲಿ, ಅದೂ ಬೇಸಿನಲ್ಲೇ ಇರಲಿ.

ಗೆರೆ ಎಳೆದೆ, ನಾಲ್ಕೂ ಕೂಡಿದವು.
ಎಲ್ಲೂ ಹೊಲಿಗೆ ಕಾಣದು.
ಕೇಳಿದೆ, ಮತ್ತೆ ಕೇಳಿದೆ.
ಇಸ್ತ್ರಿಯಾಗಿ ಮಡಿಕೆಯಾದ ಬಿಳಿ ಚಾದರ,
ಯಾರೂ ಇನ್ನೂ ಮಲಗಿಲ್ಲ ಅದರ ಮೇಲೆ.

ಬೋನಿಫೇಸ್ ಯಾವತ್ತೂ ಕೂದಲೆಳೆಯಷ್ಟು ತಡ.
ಬಾಯ್ಲರಿನ ಸದ್ದಿಗೆ ಅರ್ಧ ಕಿವಿ ಕೊಟ್ಟವನು,
ಅವನು ಬರಲೆಂದು ನಾವು ಮೂವರೂ
ಗೊತ್ತಿಲ್ಲದೆ ಉಸಿರು ಹಿಡಿಯುತ್ತೇವೆ.
ಟೆನರನ್ನು ಮಾತ್ರ ಮತ್ತೆ ಎಳೆದೆ,
ಸರಿಯಿಂದ ಒಂಚೂರು ಹಿಂದಕ್ಕೆ.
ಅವನು ತನ್ನನ್ನು ಗುರುತು ಹಿಡಿಯಬೇಕಲ್ಲ.

ಬ್ಯಾಟರಿ ನಾಲ್ಕು.
ಉಳಿಸಲೇ? ಕೇಳಿತು ಬೂದು ಆ್ಯಪು. ಹೆಸರೇನು?
ಹಾಡಿನ ಹೆಸರು ಬರೆಯುವಷ್ಟು ಹೊತ್ತಿಲ್ಲ,
ಬೀದಿಯ ಆ ತುದಿಯಲ್ಲಿ ದೀಪ ಬಂದು
ಗಿರಣಿ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ಹೆಬ್ಬೆರಳು ತಪ್ಪದಂತೆ ಮೆಲ್ಲಗೆ ಒತ್ತಿದೆ:
ಮಂಗಳವಾರ, ನಾಯಿ ಸಹಿತ.